ನಾಲ್ಕು ದಿನ ಬೆಳೆಸಿದ ಹೆಬ್ಬೆಟ್ಟು

"ಏಯ್ ಹುಳದಮ್ಮ! ಒಳಿಕ್ ಬರಬ್ಯಾಡ, ಆಚೆ ನಿಂತ್ಕೊ. ಎಸಿ ಹಾಕವ್ರೆ, ನಿನ್ ನಾತ ಎಲ್ಲಾ ಒಳಗೇ ಸುತ್ತಾಡ್ತದೆ."

ಬ್ಯಾಂಕಿನ ಕಾವಲುಗಾರ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಅಷ್ಟನ್ನೂ ಅಂದ. ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಬೋರಮ್ಮ ಹಿಂದಕ್ಕೆ ತೆಗೆಯಲಿಲ್ಲ.

"ನಾಕ್ ದಿನದಿಂದ ಬಿಸ್ನೀರ್ಗೆ ಕೈ ಇಕ್ಕಿಲ್ಲ ಕಣಪ್ಪ, ನಾತ ಎಲ್ಲಿಂದ ಬತ್ತದೆ? ನಿನ್ ಕರ್ಚೀಪ್ ಒಗ್ದು ಎಷ್ಟ್ ದಿನ ಆಯ್ತು, ಒಸಿ ಮೂಸ್ಕಂಡ್ ನೋಡು."

ಸಾಲಿನಲ್ಲಿದ್ದವರು ನಕ್ಕರು. ಬೋರಮ್ಮ ನಗಲಿಲ್ಲ. ಅವಳು ಹೇಳಿದ್ದು ತಮಾಷೆಗಲ್ಲ, ನಿಜವೇ ಆಗಿತ್ತು.

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದೆ ಪೀರ್ ಸಾಬರ ಫಿಲೇಚರ್, ಅಂದರೆ ನೂಲು ತೆಗೆಯುವ ಕಾರ್ಖಾನೆ, ಇದೆ. ಇಪ್ಪತ್ತೆರಡು ವರ್ಷದಿಂದ ಬೋರಮ್ಮ ಕೈಲಾಂಚದಿಂದ ಬೆಳಗಿನ ಬಸ್ಸು ಹಿಡಿದು ಬಂದು, ಕುದಿಯುವ ನೀರಿನಲ್ಲಿ ಕೈ ಅದ್ದಿ, ರೇಷ್ಮೆಗೂಡಿನ ಎಳೆ ಹುಡುಕಿ ಕೊಟ್ಟವಳು. ಆ ಬಿಸಿನೀರು ಬೆರಳಿನ ಗೆರೆಯನ್ನೆಲ್ಲ ತಿಂದುಬಿಡುತ್ತದೆ. ಸೊಸೈಟಿಯಲ್ಲಿ ರೇಷನ್ ಅಕ್ಕಿಗೆ ಹೆಬ್ಬೆಟ್ಟು ಒತ್ತಿದರೆ ಮಷೀನು ಕೆಂಪು ದೀಪ ತೋರಿಸಿ ಕೂಗುತ್ತದೆ. ಆದರೆ ನೂಲು ತೆಗೆಯುವ ಹೆಂಗಸರಿಗೆಲ್ಲ ಒಂದು ಉಪಾಯ ಗೊತ್ತು. ನಾಲ್ಕು ದಿನ ಕೂಲಿ ಬಿಟ್ಟು, ಕೈ ಒಣಗಿಸಿ, ಕೊಬ್ಬರಿ ಎಣ್ಣೆ ತಿಕ್ಕಿದರೆ ಗೆರೆ ಒಂದಿಷ್ಟು ಮೇಲೇಳುತ್ತದೆ. "ಗುರುವಾರ ಬಂದು ಹೆಬ್ಬೆಟ್ಟು ಒತ್ತಿ, ಠೇವಣಿದಾರರ ಸಮಸ್ಯೆ ಇತ್ಯರ್ಥ" ಎಂದು ಬ್ಯಾಂಕಿನವರು ಹೇಳಿ ಕಳಿಸಿದ ದಿನದಿಂದ ಬೋರಮ್ಮ ಪಾತ್ರೆಯನ್ನೂ ಎಡಗೈಯಲ್ಲೇ ತಿಕ್ಕಿದ್ದಳು. ಬಿತ್ತಿದ ರಾಗಿ ಮೊಳೆಯಿತಾ ಎಂದು ನೋಡುವ ಹಾಗೆ ದಿನಾ ಬೆಳಿಗ್ಗೆ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದ್ದಳು.

ಅಂಥ ಬೋರಮ್ಮ ಸುಲಭಕ್ಕೆ ಯಾರನ್ನೂ ನಂಬುವ ಪೈಕಿ ಅಲ್ಲ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಮೂರು ಸಲ ಎಣಿಸುತ್ತಾಳೆ, ಕಂಡಕ್ಟರ್ ಟಿಕೆಟ್ ಹರಿದರೆ ಊರಿನ ಹೆಸರು ಓದಿಸಿ ಕೇಳುತ್ತಾಳೆ. ಚೀಟಿ ನಡೆಸುವವರು ಓಡಿಹೋಗುತ್ತಾರೆ ಎಂಬ ಅನುಮಾನಕ್ಕೇ ಅವಳು ಬ್ಯಾಂಕಿಗೆ ಪಿಗ್ಮಿ ಕಟ್ಟಿದ್ದು. ಹನ್ನೊಂದು ವರ್ಷ, ದಿನಾ, ಬಟವಾಡೆಯಾದ ಕೂಡಲೇ. ಆ ಬ್ಯಾಂಕಿನ ಹೆಸರಲ್ಲಿ ದೇವರೂ ಇದ್ದ, ಬಡವರೂ ಇದ್ದರು. ಅದನ್ನು ಹೇಳಿ ಬಾಯಿ ಯಾಕೆ ಕೆಡಿಸಿಕೊಳ್ಳುವುದು! ಹೋದ ವರ್ಷ ಒಂದು ಬೆಳಿಗ್ಗೆ ನೋಡಿದರೆ ಬಾಗಿಲಿಗೆ ನೋಟೀಸು ಅಂಟಿತ್ತು. ಅಧ್ಯಕ್ಷ ಮುನಿಶಾಮಯ್ಯನವರ ಭಾಮೈದ ಕನಕಪುರ ರಸ್ತೆಯಲ್ಲಿ ರೆಸಾರ್ಟು ಕಟ್ಟಲು ತೆಗೆದುಕೊಂಡ ಸಾಲ ವಾಪಸು ಬಂದಿರಲಿಲ್ಲ. ಈಜುಕೊಳ ಮಾತ್ರ ತುಂಬಿತ್ತು.

ಈಗ ಸರ್ಕಾರ ಕೋಟಿಗಟ್ಟಲೆ ಕೊಟ್ಟು ಬ್ಯಾಂಕನ್ನು ಉಳಿಸಿದೆಯಂತೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು.

"ಪುಣ್ಯಾತ್ಮರು ಕಣವ್ವ ಸರ್ಕಾರ್ದೋರು," ಎಂದ ಮುಂದೆ ನಿಂತಿದ್ದ ಕರಿಯಪ್ಪ. ಅಕ್ಕೂರಿನ ಮುದುಕ. ಒಂದು ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ಗೂಡು ಬೆಳೆಯುವವನು. "ಅವ್ರ್ ಕೊಡ್ದೇ ಓಗಿದ್ರೆ ನಮ್ ಗತಿ ಏನಾಗ್ತಿತ್ತು?"

"ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬಂತು ತಾತ? ಅದೇನ್ ಹುಳ ಸಾಕಿ ಗೂಡ್ ಕಟ್ಟಿಸ್ತದಾ?" ಎಂದಳು ಬೋರಮ್ಮ.

ಅವಳ ಬೆನ್ನಿಗೆ ರೋಶನ್ ಬೀ ನಿಂತಿದ್ದಳು. ಫಿಲೇಚರಿನಲ್ಲಿ ಗೂಡು ಬೇಯಿಸುವ ಪಕ್ಕದ ಬೇಸಿನ್ನಿನವಳು. ಹತ್ತನೇ ಕ್ಲಾಸಿನವರೆಗೆ ಓದಿದವಳು. "ನಮ್ದೇ ಬೋರಕ್ಕ," ಎಂದಳು. "ನೀನು ಸೋಪ್ ತಗಂತೀಯ, ಟೀ ಪುಡಿ ತಗಂತೀಯ, ಆ ಕೊಬ್ರಿ ಎಣ್ಣೆ ತಗಂಡ್ಯಲ್ಲ, ಎಲ್ಲದ್ರಾಗೂ ಟ್ಯಾಕ್ಸ್ ಐತೆ. ಅದೇ ಕೂಡಾಕಿ ಇವ್ರ್ಗೆ ಸುರ್ದವ್ರೆ."

ಬೋರಮ್ಮ ಕಾವಲುಗಾರನಿಗೂ ಕೇಳುವ ಹಾಗೆ ಅಂದಳು, "ಅಂಗಾರೆ ನಮ್ ದುಡ್ಡು ನುಂಗಿದೋರ್ನ ನಮ್ ದುಡ್ನಾಗೇ ಬದುಕ್ಸಿ, ಮ್ಯಾಕೆ ತೋರಣ ಬ್ಯಾರೆ ಕಟ್ಟವ್ರಾ? ಇವ್ರ್ ಮನೆ ಹಾಳಾಗ!"

"ಇವತ್ ಕೊಟ್ರೆ ಸಾಕು. ಬೈಯೋದ್ ಆಮೇಲ್ ಬೈಯಾಣ," ಎಂದಳು ರೋಶನ್ ಬೀ.

ಹೌದು, ಇವತ್ತೇ ಸಿಗಬೇಕಿತ್ತು. ಪೀರ್ ಸಾಬರು ವಯಸ್ಸಾಯಿತೆಂದು ಫಿಲೇಚರ್ ಮಾರುತ್ತಿದ್ದರು. ಎರಡು ಬೇಸಿನ್ನು, ಒಂದು ಚರಕ, ಒಲೆ ಇಷ್ಟನ್ನು ಬೋರಮ್ಮ ಮತ್ತು ರೋಶನ್ ಬೀ ಸೇರಿ ಕೊಳ್ಳುವುದೆಂದು ಮಾತಾಗಿತ್ತು. ಬೇರೆಯವರ ನೀರಿನಲ್ಲಿ ಕೈ ಬೇಯಿಸಿಕೊಂಡದ್ದು ಸಾಕು, ಇನ್ನು ನಮ್ಮದೇ ನೀರು, ನಮ್ಮದೇ ನೂಲು ಎಂದು ಇಬ್ಬರೂ ಕನಸು ಕಂಡಿದ್ದರು. ಬ್ಯಾಂಕು ಮುಚ್ಚಿದ ಮೇಲೂ ಪೀರ್ ಸಾಬರು ಒಂದು ವರ್ಷ ಕಾದರು, ಪಾಪ. ನಾಳೆ ಶುಕ್ರವಾರ ನಮಾಜು ಮುಗಿಯುವುದರೊಳಗೆ ದುಡ್ಡು ಕೊಡದಿದ್ದರೆ ಎಲ್ಲವೂ ಗುಜರಿಯವನ ಪಾಲು. ಗುಜರಿಯವನಿಂದ ಆಗಲೇ ಮುಂಗಡವೂ ಬಂದಿತ್ತು.

ಅಷ್ಟರಲ್ಲಿ ಕರಿಯಪ್ಪನ ಸರದಿ ಬಂತು. ಅವನು ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿ, ಕೈಮುಗಿದು, ಒಂದು ಡಬ್ಬಿ ಮತ್ತು ಒಂದು ಚೀಟಿ ಹಿಡಿದುಕೊಂಡು ಬಾಗಿಲಿಗೆ ಬಂದ.

"ಏನ್ ಕೊಟ್ರು ತಾತ?"

"ಮೈಸೂರ್ ಪಾಕು."

"ದುಡ್ಡು?"

"ಚೀಟಿ ಕೊಟ್ಟವ್ರೆ. ಇದ್ರಾಗೈತಂತೆ."

ಬೋರಮ್ಮ ಚೀಟಿಯನ್ನು ಕಿತ್ತುಕೊಂಡು ರೋಶನ್ ಬೀ ಮುಖಕ್ಕೆ ಹಿಡಿದಳು. ರೋಶನ್ ಬೀ ಅಕ್ಷರ ಅಕ್ಷರ ಕೂಡಿಸಿ ಓದಿದಳು. "ನಾನು ಸ್ವಇಚ್ಛೆಯಿಂದ, ಬ್ಯಾಂಕಿನ ಪುನಶ್ಚೇತನದ ಹಿತದೃಷ್ಟಿಯಿಂದ, ನನ್ನ ಠೇವಣಿಯ ಅರ್ಧವನ್ನು ಷೇರು ಬಂಡವಾಳಕ್ಕೆ ಬಿಟ್ಟುಕೊಟ್ಟು, ಉಳಿದದ್ದನ್ನು ಹತ್ತು ವರ್ಷ ಕೇಳದಿರಲು ಒಪ್ಪಿದ್ದೇನೆ."

"ಅತ್ ವರ್ಸನಾ?" ಎಂದ ಕರಿಯಪ್ಪ. "ನಂಗೀಗ್ಲೇ ಎಪ್ಪತ್ಮೂರು ಕಣವ್ವ."

ಯಾರೂ ನಗಲಿಲ್ಲ. ಬೋರಮ್ಮನಿಗೆ ಬ್ಯಾಂಕಿನವರ ಮೇಲಲ್ಲ, ಮೊದಲು ತನ್ನ ಮೇಲೆಯೇ ಸಿಟ್ಟು ಬಂತು. ಜೀವಮಾನವೆಲ್ಲ ಎಲ್ಲರನ್ನೂ ಅನುಮಾನಿಸಿ, ಈ ಒಂದೇ ಒಂದು ಸಲ ನಂಬಿದ್ದಳು. ಕೊಡಲು ಹೆಬ್ಬೆಟ್ಟು ಕೇಳುತ್ತಾರೆ ಎಂದುಕೊಂಡಿದ್ದಳು. ಕಿತ್ತುಕೊಳ್ಳಲು ಕೇಳುತ್ತಾರೆಂದು ಹೊಳೆಯಲೇ ಇಲ್ಲವಲ್ಲ! ನಾಲ್ಕು ದಿನದ ಕೂಲಿ ಬಿಟ್ಟು, ಎಣ್ಣೆ ತಿಕ್ಕಿ ಬೆಳೆಸಿದ್ದು ಇವರಿಗಾ?

"ಮುಂದಿನೋರು ಬನ್ನಿ," ಎಂದು ಒಳಗಿನಿಂದ ಮ್ಯಾನೇಜರ್ ಮನೋಹರ್ ಕರೆದ.

ಬೋರಮ್ಮ ಕಾವಲುಗಾರನನ್ನು ಭುಜದಿಂದ ತಳ್ಳಿಕೊಂಡೇ ಒಳಗೆ ಹೋದಳು. ಅವಳ ಬೆನ್ನಿಗೇ ರೋಶನ್ ಬೀ.

ಕೌಂಟರಿನ ಪಕ್ಕದಲ್ಲಿ ಹಾರ ಹಾಕಿಕೊಂಡು ಅಧ್ಯಕ್ಷ ಮುನಿಶಾಮಯ್ಯನವರು ನಿಂತಿದ್ದರು. ಬಂದವರ ಕೈಯನ್ನು ತಾವೇ ಹಿಡಿದು ಮಷೀನಿನ ಮೇಲೆ ಒತ್ತಿಸುವುದು, ಫೋಟೋದವನ ಕಡೆ ನೋಡಿ ನಗುವುದು, ಇದು ಅವರ ಕೆಲಸ. ಮಷೀನಿಗೆ ಬಾರದ ಹೆಬ್ಬೆಟ್ಟುಗಳಿಗೆಂದು ಪಕ್ಕದಲ್ಲಿ ನೀಲಿ ಶಾಯಿಯ ಪ್ಯಾಡು ಇಟ್ಟಿದ್ದರು.

"ಬಾ ತಾಯಿ," ಎಂದು ಮುನಿಶಾಮಯ್ಯನವರು ಬೋರಮ್ಮನ ಮಣಿಕಟ್ಟು ಹಿಡಿದರು.

"ಒತ್ತಿದ್ರೆ ದುಡ್ಡು ಇವತ್ತೇ ಕೈಗ್ ಬತ್ತದಾ ಸ್ವಾಮಿ?"

"ಹಂತ ಹಂತವಾಗಿ ಬರುತ್ತಮ್ಮ," ಎಂದ ಮ್ಯಾನೇಜರ್.

"ನಿಮ್ ಬಾಮೈದುಂಗೆ ಕೊಟ್ಟಾಗ್ಲೂ ಹಂತ ಹಂತವಾಗೇ ಕೊಟ್ರಾ ಸ್ವಾಮಿ? ಅವ್ನೂ ಇಂಗೇ ಬಿಸ್ಲಾಗ್ ಸಾಲ್ನಾಗ್ ನಿಂತಿದ್ನಾ? ಅವ್ನ್ ಸಾಲ ಏನಾಯ್ತು?"

ಮುನಿಶಾಮಯ್ಯನವರ ನಗು ಹೋಯಿತು. ಹಿಡಿತ ಬಿಗಿಯಾಯಿತು. ಫೋಟೋದವನಿಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಅಂದರು, "ಅದೆಲ್ಲ ಮನ್ನಾ ಆಗೋಗದೆ. ಹುಳ ಬೇಯ್ಸೋ ಮುಂಡೇಗೆ ಬ್ಯಾಂಕಿನ್ ಲೆಕ್ಕ ಯಾಕೆ? ಬಾಯ್ ಮುಚ್ಕಂಡ್ ಒತ್ತೇ."

ಅವಳ ಹೆಬ್ಬೆಟ್ಟನ್ನು ಬಲವಂತವಾಗಿ ಮಷೀನಿನ ಕಡೆ ಎಳೆದರು.

ಬೋರಮ್ಮ ಕೈ ತಿರುಚಿದಳು. ಕುದಿಯುವ ನೀರಿನಲ್ಲಿ ಇಪ್ಪತ್ತೆರಡು ವರ್ಷ ಬೆಂದ ಕೈ ಅದು. ಎಳೆ ಕಡಿಯದಂತೆ ಹಿಡಿಯುವುದೂ ಗೊತ್ತು, ಬಿಡದಂತೆ ಹಿಡಿಯುವುದೂ ಗೊತ್ತು. ಎಲ್ಲರೂ ನೋಡುತ್ತಿದ್ದಂತೆ ಮುನಿಶಾಮಯ್ಯನವರ ಮಣಿಕಟ್ಟು ಅವಳ ಮುಷ್ಟಿಯೊಳಗೆ ಸಿಕ್ಕಿಕೊಂಡಿತ್ತು.

"ಲೇ ಬೋಳಿಮಗ್ನೆ, ಯಾರ್ನ ಮುಂಡೆ ಅಂತೀಯ? ರೋಸನ್ ಬೀ, ಆ ಕಾಗ್ದ ತಿರುವಾಕು. ಹಿಂದ್ಗಡೆ ಬರಿ."

"ಏನಂತ ಬರೀಲಿ ಬೋರಕ್ಕ?"

"ಅವ್ರೇ ಬರ್ದವ್ರಲ್ಲ, ಅಂಗೇ ಬರಿ."

ಕರಿಯಪ್ಪನ ಚೀಟಿ ಇನ್ನೂ ರೋಶನ್ ಬೀಯ ಕೈಯಲ್ಲೇ ಇತ್ತು. ಅವಳು ಮ್ಯಾನೇಜರನ ಮುಂದಿದ್ದ ಪೆನ್ನು ಎತ್ತಿಕೊಂಡು, ಬರೆಯುತ್ತಾ ಗಟ್ಟಿಯಾಗಿ ಓದಿದಳು. "ನಾನು ಸ್ವಇಚ್ಛೆಯಿಂದ, ನಾನೂ ನನ್ನ ಭಾಮೈದನೂ ತಿಂದ ದುಡ್ಡನ್ನು ನಾಳೆ ಶುಕ್ರವಾರ ನಮಾಜಿನ ಒಳಗೆ ಬೋರಮ್ಮ, ರೋಶನ್ ಬೀ, ಕರಿಯಪ್ಪ ಮತ್ತು ಹೊರಗೆ ನಿಂತಿರುವ ಎಲ್ಲರಿಗೂ ವಾಪಸು ಕೊಡಲು ಒಪ್ಪಿದ್ದೇನೆ."

ಮುನಿಶಾಮಯ್ಯನವರು ಕೊಸರಿಕೊಂಡರು. ಹಾರ ಹರಿದು ಸೇವಂತಿಗೆ ಕೌಂಟರಿನ ಮೇಲೆಲ್ಲ ಚೆಲ್ಲಿತು. ಬೋರಮ್ಮ ಅವರ ಹೆಬ್ಬೆಟ್ಟನ್ನು ಪ್ಯಾಡಿಗೆ ಅದ್ದಿ ಕಾಗದದ ಮೇಲೆ ಒತ್ತಿದಳು. ಒಂದೇ ಸಲಕ್ಕೆ ಬಂತು. ಸುಳಿ, ಗೆರೆ ಎಲ್ಲ ತಿದ್ದಿ ಬರೆದ ಹಾಗೆ ಬಂತು.

"ಇದು ಕಾನೂನಿನಲ್ಲಿ ನಡೆಯಲ್ಲ!" ಎಂದು ಮ್ಯಾನೇಜರ್ ಕಿರುಚಿದ. "ಬಲವಂತದಿಂದ ಒತ್ತಿಸಿದ್ದು!"

"ನೀವ್ ಒತ್ಸಿದ್ ನಡೀತದೆ, ಇದ್ ನಡಿಯಕಿಲ್ವಾ?" ಎಂದಳು ಬೋರಮ್ಮ.

ಮ್ಯಾನೇಜರ್ ಪೊಲೀಸಿಗೆ ಫೋನು ಮಾಡಿದ. ರೋಶನ್ ಬೀ ಕಾಗದ ಮಡಿಸಿ ರವಿಕೆಯೊಳಗೆ ಸೇರಿಸಿದಳು. ಬೋರಮ್ಮನಿಗೆ ಭಯವಾಗದೆ ಇರಲಿಲ್ಲ. ಅವಳು ಅಲ್ಲೇ ತಣ್ಣನೆಯ ನೆಲದ ಮೇಲೆ ಕುಕ್ಕರಿಸಿದಳು. ಹಿಡಿದ ಮಣಿಕಟ್ಟು ಬಿಟ್ಟಿದ್ದರೆ ತಾನೇ ಅವರು ನಿಲ್ಲುವುದು! ಮುನಿಶಾಮಯ್ಯನವರೂ ಬಿಳಿ ಪಂಚೆಯಲ್ಲಿ ನೆಲಕ್ಕೆ ಕೂರಬೇಕಾಯಿತು. ಕರಿಯಪ್ಪ ಒಳಗೆ ಬಂದು ಮೈಸೂರು ಪಾಕಿನ ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟು, ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಕೂತ. ಆಮೇಲೆ ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಬಂದರು. ಕಾವಲುಗಾರ ಯಾರನ್ನೂ ತಡೆಯಲಿಲ್ಲ.

ಹೊರಗೆ ಜೀಪು ಬಂದು ನಿಂತಿತು. ಬೂಟಿನ ಸದ್ದು ಮೆಟ್ಟಿಲೇರಿತು.

"ಬುಡಮ್ಮಿ, ಕೈ ಬುಡು. ಪೊಲೀಸ್ನೋರು ಸಾಯಂಗ್ ಬಡೀತಾರೆ ನಿನ್ನ," ಎಂದರು ಮುನಿಶಾಮಯ್ಯನವರು.

"ಬಡೀಲಿ," ಎಂದಳು ಬೋರಮ್ಮ. ಇನ್ನೊಂದು ಕೈಯನ್ನೂ ಸೇರಿಸಿ ಹಿಡಿದಳು.