ಹನ್ನೊಂದನೆಯ ದಿನದ ಹಕ್ಕಿ

ಕೊಕ್ಕು ತೆರೆದಿದೆ, ಕೂಗು ಇಲ್ಲ — ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಕೂತಿದೆ ಅಷ್ಟೇ, ಮಾಳಗಿಯ ಮೇಲಿನಿಂದ ಕಣ್ಣಿಗೆ ಬೀಳುವುದು ಹೊಳೆಯ ಉಸುಕಿನಲ್ಲಿ ಒಂದು ಕಂದು ಚುಕ್ಕಿ, ಉಳಿದದ್ದನ್ನು ವತ್ಸಲಾಬಾಯಿಯ ಮನಸ್ಸೇ ತುಂಬಿಕೊಳ್ಳುತ್ತದೆ, ಕರಿ ಎದೆ, ಕಣ್ಣಿನ ಮುಂದೆ ಕುಂಕುಮ ಒತ್ತಿದಂಥ ಕೆಂಪು ತೊಗಲು, ಹೊಟ್ಟೆಯ ಕೆಳಗೆ ನಾಲ್ಕು ತತ್ತಿ, ನಾಲ್ಕರದೂ ಚೂಪು ತುದಿ ಒಳಗೆ, ಟಿಟ್ಟಿಭ ಹಾಗೇ ಇಡುತ್ತದೆ, ಮನೆಯವರೇ ತೋರಿಸಿದ್ದು, ನೋಡು ವತ್ಸಲಾ, ನೀ ಹೋಳಿಗಿ ಜೋಡಸಿ ಇಟ್ಟಂಗ ಇಟ್ಟದ. ಹಪ್ಪಳ ತಿರುವಿ ಹಾಕಬೇಕು, ಒಂದು ಬದಿ ಒಣಗಿದೆ. ಕೆಳಗೆ ಪ್ರಮಿಲಾ ನಿದ್ದೆಯಲ್ಲಿ ಕೆಮ್ಮುತ್ತಾಳೆ, ನಾಲ್ಕು ವರ್ಷದ ಕೂಸು, ಸಂಜೆಯ ಹೊತ್ತಿಗೆ ಅಪ್ಪನ ಹೆಗಲ ಮೇಲೆ ಕೂತು ಹೊಳೆ ದಾಟಿರುತ್ತದೆ, ಆಚೆ ದಂಡೆ ಹಿಂದೂಸ್ಥಾನ, ಈಚೆ ಮಣ್ಣೂರ ಇನ್ನೂ ನಿಜಾಮರದು, ನಡುವೆ ಮೊಣಕಾಲುದ್ದ ನೀರು. ಪಡುವಣದಲ್ಲಿ ಮೋಡ ಕಪ್ಪಾಗಿದೆ, ಘಟ್ಟದ ಕಡೆ ಮಳೆ ಬಿದ್ದರೆ ಎರಡೇ ದಿನದಲ್ಲಿ ಭೀಮೆ ದಂಡೆ ತುಂಬುತ್ತಾಳೆ, ಆಮೇಲೆ ದೀಪಾವಳಿಯವರೆಗೆ ಯಾರೂ ದಾಟುವಂತಿಲ್ಲ — ಇವತ್ತೇ ಆಗಬೇಕು.

ಸೀರೆ ಹರವಿ ಆಯಿತು, ಕೆಂಪು ದಡಿಯದು, ಮಾಳಗಿಯಂಚಿನ ಕುಂಬಿಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕುರಿ ಹೊಡೆದುಕೊಂಡು ದೂರದ ಕಡವಿನಲ್ಲಿ ಹೊಳೆ ದಾಟುವ ಬೀರಲಿಂಗಪ್ಪ ಮೊನ್ನೆ ಬಾಗಿಲಲ್ಲಿ ಕಂಬಳಿ ಹಾಸಿ ಕೂತು ಮಜ್ಜಿಗೆ ಕುಡಿಯುತ್ತ ಹೇಳಿದ, ಅವ್ವಾರ, ಮಾಸ್ತರು ನಡು ಮಧ್ಯಾಹ್ನಕ್ಕ ಆಚಿ ದಂಡಿ ಜಾಲಿ ಮರಿಗಿ ಇರ್ತಾರಂತ, ಹೊಳಿ ಖಾಲಿ ಇದ್ರ ಸೀರಿ ಹಾಕ್ರಿ, ಹಕ್ಕಿ ಸುಮ್ನ ಇದ್ರ ಖಾಲಿ ಅಂತ ತಿಳೀರಿ ಅಂದಾರ. ಹಾಗೆ ಹೇಳಿ ಹೋದವನು ಕಂಬಳಿ ಇಲ್ಲೇ ಮರೆತು ಹೋದ. ಹಕ್ಕಿ ಸುಮ್ಮನಿದೆ. ಬೆಳಗಿನಿಂದ ಮಡಿಲಲ್ಲಿ ಹುಣಸೆಬೀಜ ಇಟ್ಟುಕೊಂಡು ಕಾದಿದ್ದಾಳೆ, ಒಂದು ಕೂಗಿಗೆ ಒಂದು ಬೀಜ, ಮೂರು ವರ್ಷದ ರೂಢಿ, ಅವರು ಹೈದರಾಬಾದಿನಲ್ಲಿ ತಾವು ಕಲಿಸುವ ಕಾಲೇಜಿನಿಂದ ರಜೆಗೆ ಬಂದಾಗೆಲ್ಲ ಇದೇ ಕೆಲಸ, ದುರ್ಬೀನು ಹಿಡಿದು ಅವರು ಜಾಲಿಯ ಕೆಳಗೆ, ಬೀಜ ಹಿಡಿದು ಇವಳು ಉಸುಕಿನಲ್ಲಿ, ನಾಯಿ ಬಂದರೆ ಉದ್ದ ಕೂಗು, ಹದ್ದು ಬಂದರೆ ಗಿಡ್ಡ ಕೂಗು, ಮನುಷ್ಯ ಬಂದರೆ ಮೇಲೆದ್ದು ಸುತ್ತ ಹಾರಿ ಬೈಗುಳ. ಊರೆಲ್ಲ ನಕ್ಕಿತ್ತು. ಪಕ್ಕದ ಮನೆಯ ಸರ್ವರಬೇಗಂ ಗೋಡೆಯ ಮೇಲಿಂದ ಇಣುಕಿ, ಗಂಡ ಹಕ್ಕಿ ಹಿಂದ, ನೀ ಗಂಡನ ಹಿಂದ, ರೊಟ್ಟಿ ಯಾರ ಬಡೀತಾರ ಬೇ ನಿಮ್ಮನ್ಯಾಗ, ಹಕ್ಕಿ ಬಡೀತಾವೇನು? ಆಮೇಲೆ ನಗು ನಿಂತಿತು, ಅಫಜಲಪುರದಿಂದ ನಿಜಾಮರ ಕಡೆಯ ಬಂದೂಕಿನವರು ಬಂದು, ಹೊಳೆ ದಂಡೆಗೆ ಕೂತು ದುರ್ಬೀನಿನಲ್ಲಿ ಏನು ನೋಡುತ್ತಾನೆ, ವಹಿಯಲ್ಲಿ ಏನು ಬರೆಯುತ್ತಾನೆ, ಯಾರಿಗೆ ಸುದ್ದಿ ಕಳಿಸುತ್ತಾನೆ ಎಂದು ಕೇಳಿಕೊಂಡು ಹೋದರು, ಅವತ್ತೇ ಮನೆಯವರು ಹೊಳೆ ದಾಟಿದರು, ಮೂರು ತಿಂಗಳಾಯಿತು. ಆ ವಹಿ ಜೋಳದ ಗುಮ್ಮಿಯ ತಳದಲ್ಲಿದೆ, ಅದನ್ನೂ ಒಯ್ಯಬೇಕು, ಕೂಸಿನ ಕೌದಿಯಲ್ಲಿ ಸುತ್ತಿ. ಹಪ್ಪಳ, ಹಪ್ಪಳ ತಿರುವಬೇಕು.

ತಂಗೀ, ಮಜ್ಜಿಗಿ ಅದ ಏನ? — ಗೋಡೆಯಾಚೆ ಸರ್ವರಬೇಗಂ, ತಲೆಯ ಮೇಲೆ ರೊಟ್ಟಿಯ ಗಂಟು, ಬೆವರು ಸುರಿಯುತ್ತಿದೆ. ಈ ಬಿಸಿಲಾಗ ಎಲ್ಲಿಗಿ ಆಪಾ? ಎಲ್ಲಿಗಿ ಅಂದ್ರ, ಆ ಬಂದೂಕಿನ ಪೋರಗೋಳಿಗಿ ರೊಟ್ಟಿ ಕೊಡಾಕ, ನನ್ನ ತಮ್ಮನ ಮಗಾನೂ ಅದಾನಲ್ಲ ಅದರಾಗ, ಹನ್ನೆರಡ ದಿನ ಆತು ಹೊಳಿ ಕೊರಕಲದಾಗ ಕುಂತಾವ, ಇಸ್ಪೀಟ ಎಲಿ ಆಡತಾವ, ಬೀಡಿ ಸೇದತಾವ, ದಾಟಿ ಬರೋವ್ರನ್ನ ಹಿಡೀತಾವಂತ, ಇವರ ಮಾರಿಗಿಷ್ಟು ಬೆಂಕಿ ಹಾಕ. ನಿನ್ನ ಗಂಡನ ಹಕ್ಕಿ ಸೈತ ಮೊದಲಿನಂಗ ಬೈಯಾಂಗಿಲ್ಲ ಬೇ, ಸಲಾಂ ಹೊಡಿಯೋದೊಂದ ಬಾಕಿ. ನಗುತ್ತಾಳೆ, ಇವಳು ಇಳಿದು ಕೊಟ್ಟ ಮಜ್ಜಿಗೆ ಕುಡಿಯುತ್ತಾಳೆ, ಹೋಗುತ್ತಾಳೆ, ವತ್ಸಲಾಬಾಯಿಯ ಕೈಯಲ್ಲಿ ಖಾಲಿ ತಂಬಿಗೆ ಹಾಗೇ ಉಳಿಯುತ್ತದೆ.

ಹನ್ನೆರಡು ದಿನ — ವಹಿ ತೆರೆಯಬೇಕಿಲ್ಲ, ಹಿಂದೊಂದು ರಜೆಯಲ್ಲಿ ಎಣಿಸಿದ್ದು ಅವಳೇ, ಮೊದಲನೆಯ ದಿನ ನಲವತ್ತು ಕೂಗು, ಐದನೆಯ ದಿನ ಹದಿನೇಳು, ಒಂಬತ್ತನೆಯ ದಿನ ಎರಡೇ ಬೀಜ, ಹನ್ನೊಂದನೆಯ ದಿನ ಬೀಜ ಎಲ್ಲ ಮಡಿಲಲ್ಲೇ, ಅವತ್ತು ಅವರು ಓಡಿ ಬಂದಿದ್ದರು, ನಿನ್ನ ಅವು ಒಪ್ಪಿಕೊಂಡವು ವತ್ಸಲಾ, ದಿನಾ ಬರೋವ್ರಿಗೆ ಕೂಗಂಗಿಲ್ಲ ಅವು, ಇದು ಬರದಿಡಬೇಕು, ಆಳಂದದ ತವರಿಗೆ ಹೋದಾಗ ತಂಗಿಯರ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದಳು, ಹಕ್ಕಿ ನನಗ ಕೂಗಂಗಿಲ್ಲ ಎಂದು. ಹಕ್ಕಿ ಸುಮ್ಮನಿದ್ದರೆ ಹೊಳೆ ಖಾಲಿ ಅಲ್ಲ, ಹೊಸಬರು ಇಲ್ಲ ಅಷ್ಟೇ, ಇಷ್ಟು ಕಲಿತ ಅವರೂ ಮರೆತರು, ಎಣಿಸಿದ ಇವಳೂ ಮರೆತಳು — ಸೀರೆ! ಓಡಿ ಮಾಳಗಿ ಹತ್ತಿ ಕಲ್ಲು ಉರುಳಿಸಿ ಸೀರೆ ಎಳೆದುಕೊಂಡಳು, ಹಪ್ಪಳ ಕಾಲಡಿ ಪುಡಿಯಾದವು, ಆದರೆ ಆಚೆ ಜಾಲಿಯ ನೆರಳಿನಿಂದ ಬಿಳಿ ಧೋತರವೊಂದು ಆಗಲೇ ನೀರಿಗೆ ಇಳಿದಿದೆ, ತಲೆ ಕೆಳಗೆ ಹಾಕಿ ಜಾರುಗಲ್ಲು ನೋಡಿಕೊಂಡು ಬರುತ್ತಿದ್ದಾರೆ, ಅವರು ಯಾವಾಗಲೂ ಹಾಗೇ, ಹಕ್ಕಿ ಕೂಗಿದರೆ ಮಾತ್ರ ತಲೆ ಎತ್ತುವವರು. ಒದರಿದರೆ ಕೊರಕಲಿನವರಿಗೆ ಕೇಳುತ್ತದೆ. ಕೊರಕಲಿನಿಂದ ನೀರು ಕಾಣುವುದಿಲ್ಲ, ದಂಡೆ ಹತ್ತುವ ದಾರಿ ಮಾತ್ರ ಕಾಣುತ್ತದೆ, ಹತ್ತಿದರೆ ನೇರ ಅವರ ಬಂದೂಕಿನ ಮುಂದೆ.

ಹಕ್ಕಿ ಕೂಗಬೇಕು. ಇವಳಿಗೆ ಕೂಗುವುದಿಲ್ಲವಲ್ಲ — ಕಂಬಳಿ, ಬೀರಲಿಂಗಪ್ಪನ ಕಂಬಳಿ, ತಲೆಯಿಂದ ಹೊದ್ದು ಹಿತ್ತಲ ಬಾಗಿಲಿನಿಂದ ಇಳಿದಳು, ಉಸುಕು ಅಂಗಾಲು ಸುಡುತ್ತದೆ, ವಹಿಯ ಕೊನೆಯ ಹಾಳೆಯಲ್ಲಿ ಅವರ ಪ್ರಶ್ನೆ, ಬಟ್ಟೆಯಿಂದ ಗುರುತು ಹಿಡಿಯುತ್ತವೋ ನಡಿಗೆಯಿಂದಲೋ, ಮುಂದೊಂದು ದೊಡ್ಡ ಚಿಹ್ನೆ, ನೋಡೋಣ ಮುಂದಿನ ರಜಾಕ್ಕ ಅಂದಿದ್ದರು. ಬಟ್ಟೆಯಿಂದಲೇ ಇರಲಿ ದೇವರೇ. ಇಪ್ಪತ್ತು ಹೆಜ್ಜೆ, ಹತ್ತು ಹೆಜ್ಜೆ, ಹಕ್ಕಿ ಓರೆಯಾಗಿ ನೋಡಿತು, ಕೊಕ್ಕು ತೆರೆದಿದೆ, ಕೂಗು ಇಲ್ಲ, ಕುಂಟಿದಳು, ಕೈ ಬೀಸಿದಳು, ಇಲ್ಲ, ಗೊತ್ತಾಗಿದೆ ಅದಕ್ಕೆ, ಓ ಇವಳಾ ಅಂದುಕೊಂಡಿದೆ — ಪ್ರಶ್ನೆಗೆ ಉತ್ತರ ಸಿಕ್ಕಿತು, ಬರೆದುಕೊಳ್ಳುವವರು ನಡುನೀರಿನಲ್ಲಿದ್ದಾರೆ. ತತ್ತಿ ಮಾತ್ರ ಮುಟ್ಟಬ್ಯಾಡ ವತ್ಸಲಾ, ಏನ ಆದರೂ ಮುಟ್ಟಬ್ಯಾಡ, ಅವರು ಹಾಕಿದ ಒಂದೇ ಒಂದು ಕಟ್ಟು. ಜನ್ಮದಲ್ಲಿ ತತ್ತಿ ಮುಟ್ಟಿದವಳಲ್ಲ, ಮಡಿಯ ಮನೆಯವಳು. ಮುಂಗುಸಿ ಬಂದ ದಿನ ಒಮ್ಮೆ ಮಾತ್ರ ಆ ಕೂಗು ಕೇಳಿದ್ದರು ಇಬ್ಬರೂ, ತತ್ತಿಯ ಕೂಗು, ಅವರು ಅದನ್ನು ಮರೆಯಲಾರರು. ಕಂಬಳಿ ಬಿದ್ದುಹೋಯಿತು. ಬಗ್ಗಿದಳು. ಕೈ ಚಾಚಿದಳು.

ಬೆಚ್ಚಗಿದೆ, ಪ್ರಮಿಲಾಳ ಹಣೆಯಷ್ಟು ಬೆಚ್ಚಗೆ — ಎತ್ತಿದಳು, ಆಗ ಎದ್ದಿತು, ಕಿವಿಯ ಪಕ್ಕದಲ್ಲೇ, ಇಡೀ ಆಕಾಶ ಸೀಳುವ ಹಾಗೆ, ಒಂದಕ್ಕೆ ಇನ್ನೊಂದು, ಇನ್ನೊಂದಕ್ಕೆ ದಂಡೆಯ ಟಿಟ್ಟಿಭಗಳೆಲ್ಲ, ರೆಕ್ಕೆ ತಲೆಗೆ ಬಡಿಯುತ್ತಿದೆ, ಕೊರಕಲಿನಿಂದ ತಲೆಗಳು ಎದ್ದವು, ಅರೇ ದೇಖೋ, ಮಾಸ್ತರನ ಹೇಣತಿಗಿ ಹುಚ್ಚ ಹಿಡದದ, ಬಾಮಣರಾಕಿ ತತ್ತಿ ಕದೀತಾಳ, ನಗು, ಸೀಟಿ, ನಗಲಿ, ಹೊಳೆಗೆ ಬೆನ್ನು ಮಾಡಿ ನಗಲಿ. ಅವರ ತಲೆಗಳ ಮೇಲಿನಿಂದ ದೂರದ ನೀರು ಅವಳಿಗೆ ಮಾತ್ರ ಕಾಣುತ್ತದೆ. ಬಿಳಿ ಧೋತರ ನಿಂತಿತು. ತಲೆ ಎತ್ತಿತು. ಎಷ್ಟು ಹೊತ್ತು ನಿಂತಿತು — ಹೋಗ್ರಿ, ಹೋಗ್ರಿ ಬೇಗ, ಕೂಸಿಗೆ ನಾನಿದ್ದೇನಿ — ತಿರುಗಿತು, ಬೆನ್ನಾಯಿತು, ಜಾಲಿಯ ನೆರಳಾಯಿತು. ಪಡುವಣದಲ್ಲಿ ಗುಡುಗು. ದಿನಕ್ಕೊಂದರಂತೆ ದೀಪಾವಳಿಯವರೆಗೆ ಎಷ್ಟು ಹುಣಸೆಬೀಜ ಬೇಕಾದೀತು. ತತ್ತಿ ಕೆಳಗಿಟ್ಟಳು, ಚೂಪು ತುದಿ ಒಳಗೆ, ಮೂರರ ಜೊತೆ ನಾಲ್ಕನೆಯದು, ಎರಡು ಹೆಜ್ಜೆ ಹಿಂದೆ ಸರಿದಳು, ನಾನೇ, ನಾನು, ನಿಮ್ಮ ವತ್ಸಲಾ, ಅಂದಳು. ಹಕ್ಕಿ ಇಳಿಯಲಿಲ್ಲ. ಅವಳ ಮುಖದ ಮುಂದೆಯೇ ರೆಕ್ಕೆ ಬಿಚ್ಚಿ ನಿಂತು ಅವಳಿಗೇ ಕೂಗುತ್ತಿತ್ತು, ಮೊದಲನೆಯ ದಿನದ ಹಾಗೆ, ಕಣ್ಣ ಮುಂದೆ ಕೆಂಪು, ತೆರೆದ ಕೊಕ್ಕು, ತೆರೆದ ಕೊಕ್ಕು —