ಬಲಮಂಡಿಯ ಸಾಕ್ಷಿ

ನಾನು ಬಲಗಾಲಿನ ನೀ ಕ್ಯಾಪ್. ಕಬಡ್ಡಿ ಆಡುವವರು ಮಂಡಿ ಜಜ್ಜಿಹೋಗದಿರಲೆಂದು ಎಳೆದುಕೊಳ್ಳುತ್ತಾರಲ್ಲ, ಅದೇ. ಜಲಂಧರದ ಒಂದು ಕಾರ್ಖಾನೆಯಲ್ಲಿ ಎಲಾಸ್ಟಿಕ್ ಬಟ್ಟೆಯ ನಡುವೆ ಸ್ಪಂಜಿನ ತುಂಡಿಟ್ಟು ಹೊಲಿದು ನನ್ನನ್ನು ಮಾಡಿದರು. ನನ್ನ ಜೊತೆಗೇ ನನ್ನ ಅವಳಿಯೂ ಹುಟ್ಟಿದ. ಆಗ ನಮ್ಮಲ್ಲಿ ಎಡ ಬಲ ಎಂಬ ಭೇದವಿರಲಿಲ್ಲ. ಮಂಗಳೂರಿನ ಅಂಗಡಿಯಿಂದ ನಮ್ಮನ್ನು ಕೊಂಡ ವಲೇರಿಯನ್ ತಾವ್ರೊ ಯಾರನ್ನು ಯಾವ ಕಾಲಿಗೆ ಹಾಕಿದನೋ ಅದೇ ನಮ್ಮ ಹಣೆಬರಹವಾಯಿತು.

ಎಲ್ಲರೂ ಅವನನ್ನು ವಲ್ಲಿ ಎನ್ನುತ್ತಿದ್ದರು. ಸಂಬಳಕ್ಕೆ ಆಡುವ ಆಟಗಾರ, ಅಂಗಣದ ಬಲಮೂಲೆಯ ಕಾವಲುಗಾರ. ರೈಡ್‌ಗೆ ಬಂದವನು ಒಂದು ಹೆಜ್ಜೆ ಎಡವಿದರೆ ಸಾಕು, ವಲ್ಲಿ ಮಂಡಿಯೂರಿ ಬಿದ್ದು ಅವನ ಕಾಲಿಗೆ ಜಿಗಣೆಯಂತೆ ಅಂಟಿಕೊಳ್ಳುತ್ತಿದ್ದ. ಏಟೆಲ್ಲ ನನಗೆ, ಚಪ್ಪಾಳೆಯೆಲ್ಲ ಅವನಿಗೆ. ಇರಲಿ ಬಿಡಿ, ಅದಕ್ಕೆ ನನಗೆ ಬೇಸರವಿಲ್ಲ.

ಬೇಸರವಿದ್ದದ್ದು ಅವನ ಬಾಯಿ ಮತ್ತು ಕೈಯ ಬಗ್ಗೆ. ಗೆದ್ದರೆ ಕುಡಿಯುತ್ತಿದ್ದ, ಸೋತರೆ ಇನ್ನಷ್ಟು ಕುಡಿಯುತ್ತಿದ್ದ. ಎದುರಾಳಿಯ ಕಾಲು ತಾಗಿದರೂ ತಾಗಲೇ ಇಲ್ಲವೆಂದು ಅಂಗಣದ ನಡುವೆ ನಿಂತು ಆಣೆ ಹಾಕುತ್ತಿದ್ದ. ವಲ್ಲಿ ಆಣೆ ಹಾಕಿದನೆಂದರೆ ಅದು ಸುಳ್ಳೇ ಎಂದು ಅವನ ತಂಡದವರೇ ನಗುತ್ತಿದ್ದರು. ಒಂದು ಸೆಮಿಫೈನಲ್‌ನಲ್ಲಿ ರೈಡರ್‌ನ ಹೆಬ್ಬೆರಳು ನೇರವಾಗಿ ನನಗೇ ತಾಗಿತು. ಅಂಪೈರ್ ಲೋಕಯ್ಯ ಮಾಸ್ತರು ಸೀಟಿ ಊದಿದರು.

“ಎಲ್ಲಿ ತಾಗಿದ್ದು ಮಾರಾಯ್ರೆ? ನಿಮ್ಗೆ ಕಣ್ಣುಂಟಾ?” ಎಂದ ವಲ್ಲಿ.

“ಕಣ್ಣಿರುವುದಕ್ಕೇ ಊದಿದ್ದು. ಹೊರಗೆ ನಡೀರಿ.”

ವಲ್ಲಿ ಅವರ ಕೆನ್ನೆಗೆ ಬಾರಿಸಿಬಿಟ್ಟ. ಆ ಹಿರಿಯ ಡ್ರಿಲ್ ಮಾಸ್ತರು ಬಿದ್ದುಹೋದ ಸೀಟಿಯನ್ನು ನೆಲದಲ್ಲಿ ಹುಡುಕುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಒಂದಿಡೀ ಸೀಸನ್ ಅವನನ್ನು ಆಟದಿಂದ ಹೊರಗಿಟ್ಟರು. ನಾವು ಅವನ ಮನೆಯ ಗೋಡೆಯ ಮೊಳೆಗೆ ಜೋತುಬಿದ್ದೆವು.

ಆಗ ನಮಗೆ ಸಿಕ್ಕವಳು ಅವನ ತಾಯಿ ಸೆವ್ರಿನ್ ಬಾಯಿ. ಗಂಡ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವವಳು. ಚಿಕ್ಕಂದಿನಲ್ಲಿ ಮೊದಲ ಪರಮಪ್ರಸಾದ ಪಡೆದ ಮೇಲೆ ಮಗ ಆ ಕಡೆ ತಲೆ ಹಾಕಿದವನಲ್ಲ. ತಾಯಿ ಮಗನ ಮಾತು ಕೊಂಕಣಿ. ನಾನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

“ನಿನ್ನನ್ನು ಹೇಗೂ ಆಡ್ಲಿಕ್ಕೆ ಬಿಡುದಿಲ್ಲ ಪುತಾ. ಆ ಮೊಣಕಾಲಿನ ಟೊಪ್ಪಿ ನಂಗೆ ಕೊಡು. ಇಗರ್ಜಿಯ ಹಲಗೆ ಗಟ್ಟಿ, ಮಂಡಿಯೂರ್ಲಿಕ್ಕೆ ಆಗುದಿಲ್ಲ.”

“ತಕೊಳ್ಳಮ್ಮ. ನೀನು ದೇವರ ಹತ್ರ ಕಬಡ್ಡಿ ಆಡು” ಎಂದು ವಲ್ಲಿ ಮಗ್ಗುಲು ಬದಲಿಸಿದ.

ಹೀಗೆ ನಾನು ಇಗರ್ಜಿ ಸೇರಿದೆ. ಸೆವ್ರಿನ್ ಬಾಯಿಯ ಕಾಲು ಬಡಕಲು, ಪಿನ್ನು ಚುಚ್ಚದಿದ್ದರೆ ನಾವು ಪಾದಕ್ಕೇ ಇಳಿಯುತ್ತಿದ್ದೆವು. ಅವಳು ಮಗನ ಹೆಸರು ಹೇಳಿ ಬೇಡುವುದು ಕೇಳಿ, ಕಪ್ ಕೇಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ. “ಸ್ವಾಮಿ, ನನ್ನ ವಲ್ಲಿ ಗೆಲ್ಲುವುದು ಬೇಡ. ಅವನ ಬಾಯಲ್ಲಿ ಸತ್ಯ ಬರಲಿ. ಜನ ಅವನನ್ನು ನಂಬುವ ಹಾಗೆ ಮಾಡು, ಅಷ್ಟು ಸಾಕು.” ದಿನಾ ಇದೇ. ದೇವರಿಗೆ ಬೇಸರ ಬರುವುದಿಲ್ಲವೇ ಎಂದು ನನಗೇ ಅನಿಸುತ್ತಿತ್ತು.

ಮುಂದಿನ ವರ್ಷ ಕರಾವಳಿಯ ಚಿಕ್ಕ ಲೀಗೊಂದರ ತಂಡ ವಲ್ಲಿಯನ್ನು ಕರೆಯಿತು. ವಯಸ್ಸು ಮೀರಿತ್ತು, ಅದೇ ಕೊನೆಯ ಅವಕಾಶ. ಮೊದಲ ದಿನದ ಅಭ್ಯಾಸಕ್ಕೆ ಹೊರಟವನಿಗೆ ಮೊಳೆಯಲ್ಲಿ ನಾವು ಕಾಣಲಿಲ್ಲ. ಚಡ್ಡಿಯಲ್ಲೇ ಇಗರ್ಜಿಗೆ ಓಡಿಬಂದ. ಸೀರೆಯ ಅಂಚಿನ ಕೆಳಗಿನಿಂದ ನನಗೆ ಅವನ ಪಾದ ಕಂಡಿತು. ತಾಯಿ ಕಣ್ಣು ಮುಚ್ಚಿ ಅದೇ ಮಾತು ಬೇಡುತ್ತಿದ್ದಳು. ಆ ಪಾದ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಪಕ್ಕದ ಹಲಗೆಯ ಮೇಲೆ ಎರಡು ಬರಿಮಂಡಿಗಳು ಇಳಿದವು. ಆ ಮಂಡಿಗಳು ನೆಲಕ್ಕೆ ಬಿದ್ದದ್ದನ್ನು ನಾನೆಷ್ಟು ಸಲ ಕಂಡಿಲ್ಲ! ಆದರೆ ಯಾರನ್ನೂ ಕೆಡವಲಿಕ್ಕಲ್ಲದೆ ಬಿದ್ದದ್ದು ಅದೇ ಮೊದಲು. ಅವನು ಅಳುತ್ತಿದ್ದ.

ಸೆವ್ರಿನ್ ಬಾಯಿ ಒಂದು ಕಣ್ಣು ತೆರೆದು, “ಟೊಪ್ಪಿ ಬೇಕಾ?” ಎಂದಳು.

“ಬೇಡಮ್ಮ. ನೀನು ಮುಗಿಸು.”

ಅಂದಿನಿಂದ ವಲ್ಲಿ ಭಾನುವಾರ ತಪ್ಪಿಸಲಿಲ್ಲ. ಕುಡಿತ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಒಂದು ಶನಿವಾರ ಅಭ್ಯಾಸ ಮುಗಿಸಿ ನಮ್ಮನ್ನು ಹಾಕಿಕೊಂಡೇ ಫಾದರ್ ಬೊನಾವೆಂಚರ್ ಅವರ ಬಳಿ ಪಾಪನಿವೇದನೆಗೆ ಹೋದ. ಅದು ಎಷ್ಟು ಹೊತ್ತು ನಡೆಯಿತೆಂದರೆ ನನ್ನ ಸ್ಪಂಜು ಅಪ್ಪಚ್ಚಿಯಾಯಿತು. ಏನು ಹೇಳಿದ ಎಂದು ಕೇಳಬೇಡಿ. ಗುಟ್ಟು ಕಾಯುವುದು ಪಾದ್ರಿಗಳ ಕೆಲಸ ಮಾತ್ರವಲ್ಲ. ಮರುದಿನವೇ ಲೋಕಯ್ಯ ಮಾಸ್ತರ ಮನೆಗೆ ಕ್ಷಮೆ ಕೇಳಲು ಹೋದ. ಮಾಸ್ತರು, “ಇದೆಂತ ಹೊಸ ಆಟ?” ಎಂದು ಬಾಗಿಲು ಹಾಕಿಕೊಂಡರು. ತಂಡದ ಹುಡುಗರು “ಪಾದ್ರಿಗಳು ಬಂದ್ರು, ಎದ್ದು ನಿಲ್ಲಿ” ಎಂದು ಗೇಲಿ ಮಾಡಿದರು. ಒಬ್ಬನೂ ಅವನನ್ನು ನಂಬಲಿಲ್ಲ.

ಫೈನಲ್ ಬಂತು. ಅಂಪೈರ್ ಅದೇ ಲೋಕಯ್ಯ ಮಾಸ್ತರು. ಆ ಲೀಗ್‌ನಲ್ಲಿ ತೀರ್ಪಿಗೆ ಕ್ಯಾಮೆರಾ ಇಲ್ಲ, ಅಂಪೈರರ ಕಣ್ಣೇ ಎಲ್ಲ. ಕೊನೆಯ ರೈಡ್, ಎರಡೂ ತಂಡ ಸಮಸಮ. ರೈಡರ್ ತಿರುಗುವಾಗ ಅವನ ಕಿರುಬೆರಳು ನನ್ನನ್ನು ಸವರಿಕೊಂಡು ಹೋಯಿತು. ಗೆರೆ ದಾಟಿ ಮರಳಿದ ಅವನಿಗೂ ಅದು ತಿಳಿಯಲಿಲ್ಲ. ಮಾಸ್ತರ ಕಣ್ಣು ಆಗ ಇನ್ನೊಂದು ಮೂಲೆಯಲ್ಲಿತ್ತು. ಗೊತ್ತಿದ್ದದ್ದು ವಲ್ಲಿಗೆ ಮತ್ತು ನನಗೆ. ಸುಮ್ಮನಿರು ಎಂದು ನಾನೂ ಒಂದು ಗಳಿಗೆ ಆಸೆಪಟ್ಟೆ. ಕಪ್ ಯಾರಿಗೆ ಬೇಡ?

ವಲ್ಲಿ ಕೈ ಎತ್ತಿದ. “ಮಾಸ್ತರೇ, ತಾಗಿದೆ. ಇಲ್ಲಿ” ಎಂದು ನನ್ನನ್ನು ಮುಟ್ಟಿ ತೋರಿಸಿದ.

“ವಲ್ಲೀ, ತಲೆ ಸಮ ಉಂಟಾ ನಿಂಗೆ?” ಎಂದು ಕೋಚ್ ಹೊರಗಿನಿಂದ ಕಿರುಚಿದರು.

ಮಾಸ್ತರು ಹುಬ್ಬು ಗಂಟಿಕ್ಕಿದರು. “ನಾಟಕ ಬೇಡ. ನಾನು ನೋಡ್ಲಿಲ್ಲ.”

“ನೀವು ನೋಡ್ಲಿಲ್ಲ. ನಂಗೆ ಗೊತ್ತಾಯ್ತು.”

ತನಗೇ ಔಟ್ ಕೊಡಿ ಎಂದು ವಲ್ಲಿ ಅಂಪೈರರ ಜೊತೆ ವಾದಕ್ಕಿಳಿದದ್ದನ್ನು ನೋಡಿ ಎದುರು ತಂಡದವರೇ ಬಾಯಿ ಬಿಟ್ಟು ನಿಂತರು.

“ಆಣೆ ಹಾಕ್ತೀರಾ?” ಎಂದರು ಮಾಸ್ತರು.

“ಇಲ್ಲ. ತಾಗಿದೆ, ಅಷ್ಟೆ.”

ಮಾಸ್ತರು ಅವನ ಮುಖವನ್ನೇ ನೋಡಿದರು. ಸೀಟಿ ಊದಿದರು. ಒಂದು ಅಂಕದಿಂದ ನಾವು ಸೋತೆವು. ಕೋಚ್ ನಮ್ಮ ಮುಖ ನೋಡಲಿಲ್ಲ. ಆದರೆ ಮಾಸ್ತರು ಅಂಗಣ ದಾಟಿ ಬಂದು ವಲ್ಲಿಯ ಕೈ ಹಿಡಿದರು. “ನಾಳೆ ಮನೆಗೆ ಬನ್ನಿ. ಚಾ ಕುಡಿಯುವ. ಈ ಸಲ ಬಾಗಿಲು ತೆಗೀತೇನೆ.”

ಮನೆಯಲ್ಲಿ ಸೆವ್ರಿನ್ ಬಾಯಿ, “ಸೋತ್ಯಾ?” ಎಂದಳು. ವಲ್ಲಿ ನಡೆದದ್ದೆಲ್ಲ ಹೇಳಿದ. ಅವಳು ಕೇಳಿ ಕೈ ಚಾಚಿದಳು. “ಟೊಪ್ಪಿ ಕೊಡು.”

“ಈಗ ಎಲ್ಲಿಗಮ್ಮ?”

“ಬೇಡಿದ್ದು ಸಿಕ್ಕಿದ ಮೇಲೆ ಸಿಕ್ಕಿತು ಅಂತ ಹೇಳಿ ಬರ್ಬೇಡ್ವಾ?”

ಈಗ ನನಗೆ ವಯಸ್ಸಾಗಿದೆ. ಎಲಾಸ್ಟಿಕ್ ಸಡಿಲ, ಮೈಯೆಲ್ಲ ದಾರ. ವಲ್ಲಿ ಆಟ ಬಿಟ್ಟು ಇಗರ್ಜಿಯ ಮೈದಾನದಲ್ಲಿ ಮಕ್ಕಳಿಗೆ ಕಬಡ್ಡಿ ಕಲಿಸುತ್ತಾನೆ. ಅಲ್ಲಿ ಜಗಳವಾದರೆ ಮಕ್ಕಳು “ವಲ್ಲಿ ಸಾರ್ ಹೇಳ್ಲಿ” ಎನ್ನುತ್ತಾರೆ. ಭಾನುವಾರ ತಾಯಿ ಮಗ ನಮ್ಮನ್ನು ಪಾಲು ಮಾಡಿಕೊಳ್ಳುತ್ತಾರೆ. ನನ್ನ ಅವಳಿ ತಾಯಿಯ ಎಡಮಂಡಿಗೆ, ನಾನು ಮಗನ ಬಲಮಂಡಿಗೆ, ಒಂದೇ ಹಲಗೆಯ ಮೇಲೆ. ಉಳಿದ ಒಂದೊಂದು ಮಂಡಿ ಇಬ್ಬರಿಗೂ ನೋಯುತ್ತದೆ.

“ಹೊಸ ಜೋಡಿ ತರ್ತೇನಮ್ಮ” ಎಂದು ವಲ್ಲಿ ಮೊನ್ನೆಯೂ ಹೇಳಿದ.

“ಬೇಡ ಪುತಾ. ಹೊಸದಕ್ಕೆ ನಮ್ಮ ಕಥೆ ಎಂತ ಗೊತ್ತುಂಟು?” ಎಂದಳು ಸೆವ್ರಿನ್ ಬಾಯಿ.

ನನಗೆ ಗೊತ್ತುಂಟು. ಅದಕ್ಕೇ ಹೇಳಿದೆ.