ಬೇಡ ಎಂಬ ಚೌಕ

ಗುರುಬಾಯಿಯ ಫಾರ್ಮು ತುಂಬಿದವಳು ನಾನೇ. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಅಕ್ಷರ ನನ್ನದು.

ಸರಕಾರ ಮತ್ತು ಒಂದು ಔಷಧ ಕಂಪನಿ ಕೂಡಿ, ಮುಂದಿನ ಸಂಶೋಧನೆಗೆಂದು ಹಳ್ಳಿಗಳಲ್ಲಿ ರಕ್ತ ಸಂಗ್ರಹಿಸುತ್ತಿದ್ದವು. ಎರಡು ವರ್ಷದ ಹಿಂದೆ ಆ ಕೆಲಸಕ್ಕೆ ವಿಜಯಪುರದ ಜೋರಾಪುರ ಪೇಟೆಯಿಂದ ದಿನಾ ಕಳ್ಳಕವಟಗಿಗೆ ಹೋಗುತ್ತಿದ್ದೆ. ಫಾರ್ಮಿನ ಕೊನೆಯ ಪ್ರಶ್ನೆ: ರಕ್ತದಲ್ಲಿ ಏನಾದರೂ ಕಂಡರೆ ನಿಮಗೆ ತಿಳಿಸಬೇಕೆ? ಹೌದು, ಬೇಡ. ಎರಡೇ ಚೌಕ.

"ಚೊಲೋ ಇದ್ರ ಹೇಳ ತಂಗಿ," ಅಂದಳು ಗುರುಬಾಯಿ. "ಕೆಟ್ಟದ್ದಿದ್ರ ಬ್ಯಾಡ. ದೀಪ ಹಚ್ಚೋ ಹೊತ್ತಿನ್ಯಾಗ ಅಂಥಾ ಮಾತ ಯಾಕ?"

ಇದಕ್ಕೆ ಮೂರನೇ ಚೌಕ ಎಲ್ಲಿಂದ ತರಲಿ? ಕೊನೇ ಬಸ್ಸಿನ ಹೊತ್ತಾಗಿತ್ತು. ತಿಳಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. 'ಬೇಡ'ಕ್ಕೆ ಗುರುತು ಹಾಕಿ ಎದ್ದೆ. ಅವಳು ಕೊಟ್ಟ ಶೇಂಗಾ ತಿನ್ನುತ್ತ ಮನೆಗೆ ಬಂದೆ.

ಹೋದ ತಿಂಗಳು ಅವಳ ಮಗಳು ಭಾಗ್ಯಾ ನಮ್ಮ ಮನೆ ಹುಡುಕಿಕೊಂಡು ಬಂದಳು. ಅವ್ವನ ಎರಡೂ ಕಿಡ್ನಿ ಹೋಗಿವೆ, ವಿಜಯಪುರದಲ್ಲಿ ಡಯಾಲಿಸಿಸ್ ನಡೆದಿದೆ.

"ಅಕ್ಕಾರ, ಆವಾಗ ರಕ್ತದಾಗ ಇದು ಕಂಡಿತ್ತೇನ್ರಿ?"

ಆಫೀಸಿನ ಚೇತನಕುಮಾರನಿಗೆ ಫೋನು ಹಚ್ಚಿದೆ.

"ಹೌದು ಅಂದವರಿಗೆಲ್ಲ ಅವಾಗ ಪತ್ರ ಹೋಗ್ಯಾವ್ರಿ ಮೇಡಂ. ಬ್ಯಾಡ ಅಂದವರ ಹೆಸರು ಅಳಿಸಿ ನಂಬರಷ್ಟ ಇಟ್ಟೇವಿ. ಯಾವ ನಂಬರು ಯಾರದು, ಈಗ ದೇವರಿಗೇ ಗೊತ್ತು."

ಕಂಪನಿಯ ವರದಿ ನನ್ನ ಬಳಿಯೂ ಇತ್ತು. ಆ ಊರಿನ ಹನ್ನೊಂದು ಹೆಂಗಸರ ಕಿಡ್ನಿಯಲ್ಲಿ ಆರಂಭದ ತೊಂದರೆ ಎಂದು ಬರೆದಿತ್ತು. ಅವರಲ್ಲಿ ಗುರುಬಾಯಿ ಇದ್ದಳೋ ಇಲ್ಲವೋ, ಹೇಳುವವರಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

"ಬ್ಯಾಡ ಅಂತ ಬರೆದಾಕಿ ನಾನೇ ತಂಗಿ," ಅಂದೆ. ಬೈಯಲಿ ಅಂತಲೇ ಅಂದೆ.

"ನಮ್ಮವ್ವನೇ ಹಂಗ ಅಂದಿರತಾಳ ಬಿಡ್ರಿ," ಅಂದು ಕಣ್ಣೊರೆಸಿಕೊಂಡಳು. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಈ ವಾರ ಎರಡನೇ ಸುತ್ತಿನ ಸರ್ವೆ ಶುರುವಾಗಿದೆ. ಕಳ್ಳಕವಟಗಿಯಲ್ಲಿ ಎಲ್ಲರಿಗಿಂತ ಮೊದಲು ಭಾಗ್ಯಾ ಬಂದು ತೋಳು ಚಾಚಿದಳು.

"ಅಕ್ಕಾರ, ನನಗ ಕೆಟ್ಟದ್ದಿದ್ರೂ ಹೇಳ್ರಿ. ಹೌದು ಅಂತ ಬರೀರಿ. ನನ್ನ ಕಣ್ಮುಂದ ಬರೀರಿ."

ಹೊಸ ಫಾರ್ಮನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಆ ಪ್ರಶ್ನೆಯನ್ನೇ ತೆಗೆದು, 'ಫಲಿತಾಂಶ ಯಾರಿಗೂ ತಿಳಿಸಲಾಗುವುದಿಲ್ಲ' ಎಂದು ಅಚ್ಚು ಹಾಕಿಬಿಟ್ಟಿದ್ದರು.